ಮೂರನೇ ಕೊಠಡಿಯ ಬೀಗದ ಕೈ

ಮತ್ಲಾವಿಯ ಶಾಲೆಯಲ್ಲಿ ಕಸ ಗುಡಿಸುವವಳು ನಾನು, ಮಬ್ರೂಕಾ.
ಗುಡಿಸಿದಷ್ಟೂ ಬರುತ್ತದೆ ಗಣಿಯ ಧೂಳು,
ಫಾಸ್ಫೇಟು ತುಂಬಿದ ರೈಲು ಹೋದಾಗಲೆಲ್ಲ
ಬೆಂಚುಗಳ ಮೇಲೆ ಒಂದು ಪದರ ಹಿಟ್ಟು.
ಇಲ್ಲಿಯ ನೀರು ಕುಡಿದು ಬೆಳೆದವರ ಹಲ್ಲು ಕಂದು.
ರಾಜಧಾನಿಗೆ ಹೋದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತೇವೆ.
ನಕ್ಕರೆ ಊರು ತಿಳಿಯುತ್ತದೆ,
ಊರು ತಿಳಿದರೆ ಕೆಲಸ ಖಾಲಿ ಇರುವುದಿಲ್ಲ.

ಪಟ್ಟಿಗಳ ವಿಷಯ ಹೇಳಬೇಕು.
ಕಂಪನಿಯ ಗೇಟಿಗೆ ಅಂಟಿಸಿದ್ದ ನೇಮಕಾತಿ ಪಟ್ಟಿಯಲ್ಲಿ
ತಮ್ಮ ಲಜ್ಹರ್ ತನ್ನ ಹೆಸರು ಹುಡುಕಿದ,
ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ.
ದೊಡ್ಡವರ ಅಳಿಯಂದಿರಿದ್ದರು, ಅಳಿಯಂದಿರ ತಮ್ಮಂದಿರಿದ್ದರು,
ಸತ್ತು ಎರಡು ವರ್ಷವಾದವನೊಬ್ಬನಿಗೂ ಕೆಲಸ ಸಿಕ್ಕಿತ್ತು.
ಹಳಿಯ ಮೇಲೆ ಡೇರೆ ಹಾಕಿ ಕೂತವರದು
ಬೇರೆ ಪಟ್ಟಿ, ಅದು ಪೊಲೀಸರ ಹತ್ತಿರ.
ಅದರಲ್ಲಿ ಲಜ್ಹರ್ ಮೂರನೆಯವನು.
ಅಕ್ಷರ ಒಂದೂ ತಪ್ಪಿರಲಿಲ್ಲ.

ಮುಂದೆ ಒಂದು ಚಳಿಗಾಲ
ಅಧ್ಯಕ್ಷ ವಿಮಾನ ಹತ್ತಿದನೆಂದು ಸುದ್ದಿ ಬಂತು.
ನಾನು ಸ್ಟೂಲು ಹತ್ತಿ ಅವನ ಪಟ ಇಳಿಸಿದೆ.
ಹಿಂದೆ ಹಲ್ಲಿಯ ಮೊಟ್ಟೆ ಎರಡು.
ಮೊಳೆ ಗಟ್ಟಿಯಾಗಿತ್ತು, ಕೀಳಲು ಬರಲಿಲ್ಲ,
ಮೂರನೇ ಕೊಠಡಿಯ ಬೀಗದ ಕೈಯನ್ನು ಅದಕ್ಕೇ ತೂಗುಹಾಕಿದೆ.

ಆ ಕೊಠಡಿಯೇ ಮತಗಟ್ಟೆಯಾಯಿತು.
ಬೆಳಗಿನ ಜಾವ ಐದಕ್ಕೇ ಸಾಲು,
ಬೇಕರಿ ದಾಟಿ ಔಷಧಿ ಅಂಗಡಿಯ ತಿರುವಿನವರೆಗೆ.
ತಿಬ್ರಾ ಚಿಕ್ಕಮ್ಮ ಕೇಳಿದಳು:
ಈ ನೀಲಿ ಶಾಯಿ ಇದ್ದರೆ ನಮಾಜಿನ ಮುಂಚಿನ ಕೈತೊಳೆ ಸಲ್ಲುತ್ತದೆಯೇ?
ಇಮಾಮರೇ ಸಾಲಿನಲ್ಲಿದ್ದರು. ಗಡ್ಡ ಸವರಿಕೊಂಡು,
ದೇವರು ಅರ್ಥ ಮಾಡಿಕೊಳ್ಳುತ್ತಾನೆ, ಎಂದರು.
ಮೂರು ದಿನ ಚಿಕ್ಕಮ್ಮ ಆ ಬೆರಳನ್ನು ಸಾರಿಗೆ ಅದ್ದಲಿಲ್ಲ.
ಲಜ್ಹರ್ ಗೋಡೆಯ ಪಟ್ಟಿಯಲ್ಲಿ ತನ್ನ ಹೆಸರನ್ನು
ಒಂದೇ ಸಲ ಓದಿದ. ಇನ್ನೂರ ಹನ್ನೆರಡು.
ತಿರುಗಿ ನನ್ನ ನೋಡಿ ನಕ್ಕ,
ಕೈ ಅಡ್ಡ ಹಿಡಿಯದೆ.

ಆಮೇಲೆ? ಆಮೇಲೆ ಏನೂ ಆಗಲಿಲ್ಲ ಅಂದರೆ ಸುಳ್ಳು.
ಹೆದರದೆ ಬೈಯುವುದು ಕಲಿತೆವು, ಅದು ಸಣ್ಣದಲ್ಲ.
ಪ್ರಧಾನಿಗಳ ಹೆಸರು ಬಾಯಿಗೆ ಹತ್ತುವ ಮೊದಲೇ ಬದಲಾಗುತ್ತಿದ್ದರು.
ಕಾಫಿ ಅಂಗಡಿಯ ಟೀವಿಯಲ್ಲಿ ಸಂಸದರು ಕೊರಳಪಟ್ಟಿ ಹಿಡಿದರು,
ಸಕ್ಕರೆ ಸಿಗಲಿಲ್ಲ, ರೈಲು ನಿಂತಿತು,
ಲಜ್ಹರನ ತಲೆ ನೆರೆಯಿತು, ಕೆಲಸದ ಪಟ್ಟಿ ಬರಲಿಲ್ಲ.

ಸಂಸತ್ತಿನ ಗೇಟಿಗೆ ಸೈನ್ಯದ ಗಾಡಿ ಅಡ್ಡ ನಿಂತ ರಾತ್ರಿ
ಕೆಂಡದಂಥ ಸೆಕೆ.
ಬೀದಿಯಲ್ಲಿ ಹಾರನ್ನು ಒತ್ತಿದವರಲ್ಲಿ ನನ್ನ ತಮ್ಮನೂ ಇದ್ದ.
ಮುಚ್ಚಲಿ ಆ ಸಂತೆಯನ್ನು, ಎಂದ.
ಮುಚ್ಚಿದವನ ಹತ್ತಿರವೇ ಕೈ ಇರುತ್ತದೆ ಕಣೋ,
ಬೀಗದ್ದೂ, ಹೊಡೆಯುವುದೂ, ಎಂದೆ.
ನಿನಗೇನು, ತಿಂಗಳಾದರೆ ಸಂಬಳ, ಎಂದ.
ಅದಕ್ಕೆ ಅವತ್ತೂ ಉತ್ತರವಿರಲಿಲ್ಲ, ಇವತ್ತೂ ಇಲ್ಲ.
ಎಂಟು ತಿಂಗಳು ಮಾತು ಬಿಟ್ಟೆವು.

ಹೋದ ಭಾನುವಾರ ಮತ್ತೆ ಮತದಾನ.
ಕೊಠಡಿ ತೆರೆದೆ. ಸಂಜೆಯವರೆಗೆ ನಲವತ್ತೊಂದು ಜನ,
ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ಯಾರೂ ಎಬ್ಬಿಸಬೇಕಾಗಲಿಲ್ಲ.
ಪಟ್ಟಿಯಲ್ಲಿ ತಿಬ್ರಾ ಚಿಕ್ಕಮ್ಮ ಇನ್ನೂ ಇದ್ದಾಳೆ,
ಮಣ್ಣಾಗಿ ನಾಲ್ಕು ವರ್ಷ.
ಹೆಡ್‌ಮಾಸ್ತರರು ಗೋಡೆಯನ್ನು ಅಳೆದು ಹೋಗಿದ್ದರು,
ಹೊಸ ಪಟ ಬರುತ್ತದಂತೆ. ಆ ಮೊಳೆ ಸಾಕಂತೆ.

ನಾಲ್ಕಕ್ಕೆ ಲಜ್ಹರ್ ಬಂದ. ಮತ ಹಾಕಲಿಕ್ಕಲ್ಲ.
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ.
ಅವನ ಮಗ ಇಯಾದ್
ಫೋನಿನಲ್ಲಿ ಬರೆದ ನಾಲ್ಕು ಸಾಲಿಗೆ ಗಫ್ಸಾದ ಠಾಣೆಯಲ್ಲಿದ್ದಾನೆ.
ಅವರ ಪಟ್ಟಿಯಲ್ಲಿ ಮತ್ತೆ ನಮ್ಮ ಮನೆಯ ಹೆಸರು, ಎಂದ.
ಅಕ್ಷರ ತಪ್ಪಿಲ್ಲ ತಾನೇ, ಎಂದೆ.
ಇಬ್ಬರೂ ನಕ್ಕೆವು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದಿದ್ದೆವು.

ಪೆಟ್ಟಿಗೆ ಹೋಯಿತು, ಅಧಿಕಾರಿಗಳು ಹೋದರು.
ಬೀಗ ಬಿಗಿಯಾಗಿತ್ತು, ಒಳಗೆಲ್ಲ ಧೂಳು.
ಊಟದ ಡಬ್ಬಿಯ ತಳದ ಆಲಿವ್ ಎಣ್ಣೆಯನ್ನು ರೊಟ್ಟಿಯ ಚೂರಿಗೆ ಒರೆಸಿ
ಎರಡು ಹನಿ ಹಿಂಡಿದೆ.
ಎಣ್ಣೆ ಲೀಟರಿಗೆ ಎಷ್ಟಾಗಿದೆ ಗೊತ್ತಾ ನಿನಗೆ, ಎಂದ ಲಜ್ಹರ್,
ಆದರೂ ಟಾರ್ಚು ಹಿಡಿದು ನಿಂತಿದ್ದ,
ಕೈ ತಿರುಗುವವರೆಗೆ.